ಹಳೆಯ ಕಂಪ್ಯೂಟರ್: ಮೇಲ್ದರ್ಜೆಗೇರಿಸುವುದೇ, ಬದಲಾಯಿಸುವುದೇ?

ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಸಣ್ಣ ವರ್ತಕರ ಹಾಗೂ ಕಿರು ಕೈಗಾರಿಕೆಗಳ ಮಾಲೀಕರ ಪೈಕಿ ಅನೇಕರ ಲೆಕ್ಕಪತ್ರಗಳು ಇರುವುದು ಮನೆಯ ಕಂಪ್ಯೂಟರಿನಲ್ಲಿ. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಖರೀದಿಸಿದ ಯಂತ್ರದಲ್ಲಿಯೇ ಕ್ರಮೇಣ ಜಿಎಸ್‌ಟಿ ವಿವರಪಟ್ಟಿ ಸಲ್ಲಿಕೆ, ಇ-ವೇ ಬಿಲ್ ತಯಾರಿಕೆ, ಬ್ಯಾಂಕ್ ವ್ಯವಹಾರ ಮತ್ತು ಗ್ರಾಹಕರ ಬಾಕಿ ಪಟ್ಟಿ ಎಲ್ಲವೂ ಸೇರಿಕೊಂಡಿರುತ್ತವೆ. ಇಂತಹ ಯಂತ್ರಕ್ಕೆ ಏಳೆಂಟು ವರ್ಷ ತುಂಬಿ, ಅದನ್ನು ಚಾಲನೆ ಮಾಡಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗದ ಸ್ಥಿತಿ ಬಂದಾಗ, ಇದಕ್ಕೆ ಇನ್ನಷ್ಟು ಹಣ ಹಾಕುವುದೋ ಅಥವಾ ಹೊಸದನ್ನೇ ಕೊಳ್ಳುವುದೋ ಎಂಬ ಪ್ರಶ್ನೆ ಏಳುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡ ನಂತರ ಈ ಪ್ರಶ್ನೆಯನ್ನು ಮುಂದೂಡುವುದು ಕಷ್ಟವಾಗಿದೆ. ಹೀಗಿದ್ದರೂ ಅವಸರದ ನಿರ್ಧಾರದಿಂದ ಎರಡು ಬಗೆಯ ನಷ್ಟ ಸಂಭವಿಸಬಹುದು. ಇನ್ನೂ ನಾಲ್ಕು ವರ್ಷ ದುಡಿಯಬಲ್ಲ ಯಂತ್ರವನ್ನು ಗುಜರಿಗೆ ಹಾಕುವುದು ಒಂದು. ಆಯುಷ್ಯ ಮುಗಿದ ಯಂತ್ರಕ್ಕೆ ಕಂತುಕಂತಾಗಿ ಹಣ ಸುರಿಯುವುದು ಇನ್ನೊಂದು. ಇವೆರಡಕ್ಕಿಂತ ದೊಡ್ಡದು ಮೂರನೆಯ ನಷ್ಟ: ನಿರ್ಧಾರ ಕೈಗೊಳ್ಳುವ ಮುನ್ನವೇ ಯಂತ್ರ ಕೆಟ್ಟು, ವರ್ಷಗಳ ಲೆಕ್ಕಪತ್ರ ಕೈತಪ್ಪುವುದು. ಆದ್ದರಿಂದ ಈ ವಿಷಯವನ್ನು ಕ್ರಮಬದ್ಧವಾಗಿ ಪರಿಶೀಲಿಸುವುದು ಸೂಕ್ತ.

ಮೊದಲ ಹೆಜ್ಜೆ: ಲೆಕ್ಕಪತ್ರದ ಪ್ರತಿ

ಯಂತ್ರವನ್ನು ತೆರೆಯುವ ಮುನ್ನ, ತಂತ್ರಜ್ಞರನ್ನು ಕರೆಸುವ ಮುನ್ನ, ಅದರಲ್ಲಿರುವ ದತ್ತಾಂಶದ ಎರಡು ಪ್ರತಿಗಳನ್ನು ತೆಗೆದಿಡಬೇಕು. ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ. ಇನ್ನೊಂದು ಬೇರೆ ಸ್ಥಳದಲ್ಲಿ ಅಥವಾ ಅಂತರ್ಜಾಲದ ಸಂಗ್ರಹ ಸೇವೆಯಲ್ಲಿರಲಿ. ಪ್ರತಿ ತೆಗೆದರೆ ಸಾಲದು, ಅದು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಇದು ಕೇವಲ ಮುಂಜಾಗ್ರತೆಯ ಮಾತಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ಕೊನೆಯ ದಿನದಿಂದ 72 ತಿಂಗಳುಗಳ ಕಾಲ ಕಾಯ್ದಿರಿಸಬೇಕು. ಮೇಲ್ಮನವಿ ಅಥವಾ ವಿಚಾರಣೆ ಬಾಕಿ ಇದ್ದಲ್ಲಿ ಅವಧಿ ಇನ್ನೂ ಹೆಚ್ಚುತ್ತದೆ. ಅಂದರೆ ಹಳೆಯ ಯಂತ್ರ ಹೋದರೂ ಅದರೊಳಗಿನ ಲೆಕ್ಕ ಉಳಿಯಲೇಬೇಕು. ನೋಟಿಸು ಬಂದ ದಿನ ‘ಹಾರ್ಡ್ ಡಿಸ್ಕ್ ಕೆಟ್ಟಿತು’ ಎಂಬ ಉತ್ತರ ವರ್ತಕರ ನೆರವಿಗೆ ಬರುವುದಿಲ್ಲ.

ನಿಧಾನಗತಿಗೆ ಕಾರಣವೇನು?

‘ಕಂಪ್ಯೂಟರ್ ಹಳೆಯದಾಯಿತು, ನಿಧಾನವಾಯಿತು’ ಎಂಬ ದೂರು ಸಾಮಾನ್ಯ. ಆದರೆ ಪ್ರೊಸೆಸರ್ ವಯಸ್ಸಾದಂತೆ ತಾನಾಗಿ ನಿಧಾನವಾಗುವ ಭಾಗವಲ್ಲ. ನಿಧಾನಗತಿಗೆ ಬಹುಮಟ್ಟಿಗೆ ನಾಲ್ಕು ಕಾರಣಗಳಿರುತ್ತವೆ.

ಮೊದಲನೆಯದು ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಗಳುಳ್ಳ ಹಳೆಯ ಮಾದರಿಯ ಡಿಸ್ಕಿನಲ್ಲಿ ಮಾಹಿತಿ ಓದುವ ಮುಳ್ಳು ಸರಿಯಾದ ಸ್ಥಳಕ್ಕೆ ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಬೇಕು. ಹೀಗೆ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಹೆಕ್ಕಿ ತರಲು ಸಾಧ್ಯ. ಎಸ್‌ಎಸ್‌ಡಿ ಎಂಬ ಚಿಪ್ ಆಧಾರಿತ ಸಂಗ್ರಹದಲ್ಲಿ ಚಲಿಸುವ ಭಾಗಗಳೇ ಇಲ್ಲದಿರುವುದರಿಂದ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅಳವಡಿಸಿದ ಯಂತ್ರ ಹೊಸದರಂತೆ ಕಾಣುವುದು ಈ ಕಾರಣದಿಂದಲೇ.

ಎರಡನೆಯದು ರ್‍ಯಾಮ್ ಕೊರತೆ. ರ್‍ಯಾಮ್ ಸಾಲದಾದಾಗ ಕಂಪ್ಯೂಟರ್ ತನ್ನ ತಾತ್ಕಾಲಿಕ ಕೆಲಸವನ್ನು ಡಿಸ್ಕಿಗೆ ವರ್ಗಾಯಿಸುತ್ತದೆ. ಡಿಸ್ಕ್ ನಿಧಾನವಿದ್ದರೆ ಇಡೀ ಯಂತ್ರ ಹೆಜ್ಜೆ ಕಿತ್ತಿಡಲಾರದಂತಾಗುತ್ತದೆ. 4 ಜಿಬಿ ರ್‍ಯಾಮ್ ಇದ್ದು, ಬ್ರೌಸರಿನ ಹಲವು ಪುಟಗಳನ್ನೂ ಲೆಕ್ಕಪತ್ರದ ತಂತ್ರಾಂಶವನ್ನೂ ಒಟ್ಟಿಗೆ ತೆರೆಯುವವರಿಗೆ ಈ ಅನುಭವ ಪರಿಚಿತ. ಇಂದಿನ ಕಚೇರಿ ಬಳಕೆಗೆ 8 ಜಿಬಿ ಕನಿಷ್ಠ, 16 ಜಿಬಿ ಅನುಕೂಲಕರ ಎನ್ನಬಹುದು. ಯಂತ್ರದಲ್ಲಿ 32-ಬಿಟ್ ವಿಂಡೋಸ್ ಇದ್ದರೆ ರ್‍ಯಾಮ್ ಎಷ್ಟೇ ಹೆಚ್ಚಿಸಿದರೂ 4 ಜಿಬಿಗಿಂತ ಹೆಚ್ಚಿನ ಭಾಗ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಮೂರನೆಯದು ಧೂಳು ಮತ್ತು ಶಾಖ. ಹಿಟ್ಟಿನ ಗಿರಣಿ, ಹತ್ತಿ ಮಂಡಿ, ಎರಕದ ಕಾರ್ಖಾನೆಗಳಲ್ಲಿ ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿಕೊಂಡು ಪ್ರೊಸೆಸರ್ ಕಾದಾಗ, ಅದು ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಒಳಭಾಗ ಸ್ವಚ್ಛಗೊಳಿಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಸಮಸ್ಯೆ ನಿವಾರಣೆಯಾಗುತ್ತದೆ. ನಾಲ್ಕನೆಯದು ಅನಗತ್ಯ ತಂತ್ರಾಂಶಗಳು ಮತ್ತು ವೈರಸ್.

ಈ ನಾಲ್ಕರಲ್ಲಿ ಯಾವುದು ಎಂಬುದನ್ನು ತಿಳಿಯಲು ತಜ್ಞರೇ ಬೇಕೆಂದಿಲ್ಲ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ತಡವರಿಸುವ ಹೊತ್ತಿನಲ್ಲಿ ಡಿಸ್ಕ್ ಬಳಕೆ ಶೇಕಡ 100ರಲ್ಲಿ ನಿಂತಿದೆಯೇ, ಮೆಮೊರಿ ತುಂಬಿದೆಯೇ, ಪ್ರೊಸೆಸರ್ ಮೇಲೆ ಹೊರೆ ಇದೆಯೇ ಎಂದು ನೋಡಿದರೆ ಸಾಕು. ಮೊದಲೆರಡು ಕಾರಣವಾದರೆ ಭಾಗ ಬದಲಿಸಿ ಪರಿಹಾರ ಪಡೆಯಬಹುದು. ಸಾಮಾನ್ಯ ಕೆಲಸಕ್ಕೇ ಪ್ರೊಸೆಸರ್ ಸದಾ ಪೂರ್ಣ ಹೊರೆಯಲ್ಲಿದ್ದು, ವೈರಸ್ ಸಹ ಇಲ್ಲವೆಂದಾದರೆ ಆ ಯಂತ್ರದ ಕಾಲ ಮುಗಿಯಿತೆಂದು ತಿಳಿಯಬೇಕು.

ದಿನಾಂಕ ಪದೇಪದೇ ಹಿಂದಕ್ಕೆ ಹೋಗುವುದು, ಅದರಿಂದಾಗಿ ಬ್ಯಾಂಕಿನ ಜಾಲತಾಣ ತೆರೆಯದಿರುವುದು, ಡಿಜಿಟಲ್ ಸಹಿ ಕೆಲಸ ಮಾಡದಿರುವುದು ಇವು ದೊಡ್ಡ ದೋಷಗಳಂತೆ ತೋರುತ್ತವೆ. ಅನೇಕ ವೇಳೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಬದಲಿಸಿದರೆ ಇವು ಸರಿಹೋಗುತ್ತವೆ. ಇದಕ್ಕಾಗಿ ಹೊಸ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಹಾರ್ಡ್ ಡಿಸ್ಕಿನಿಂದ ಟಕ್‌ಟಕ್ ಸದ್ದು ಬರುವುದು, ಕಡತಗಳು ತೆರೆಯದಿರುವುದು, ಮದರ್‌ಬೋರ್ಡ್ ಮೇಲಿನ ಕೆಪಾಸಿಟರುಗಳು ಉಬ್ಬುವುದು, ಲ್ಯಾಪ್‌ಟಾಪ್ ಬ್ಯಾಟರಿ ಊದಿಕೊಳ್ಳುವುದು ಇವು ತಡಮಾಡಬಾರದ ಎಚ್ಚರಿಕೆಗಳು. ಊದಿದ ಬ್ಯಾಟರಿಯಿಂದ ಬೆಂಕಿಯ ಅಪಾಯವಿರುವುದರಿಂದ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು.

ನಿರ್ಧಾರಕ ಅಂಶ: ವಿಂಡೋಸ್ 11ಕ್ಕೆ ಅರ್ಹತೆ

ಭದ್ರತಾ ಪರಿಷ್ಕರಣೆ ದೊರೆಯದ ಯಂತ್ರ ಚೆನ್ನಾಗಿಯೇ ಓಡುತ್ತಿರಬಹುದು. ಆದರೆ ಅದರಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳು ಮುಚ್ಚದೆ ಉಳಿಯುತ್ತವೆ. ಇದರ ಪರಿಣಾಮವನ್ನು 2017ರ ಮೇ ತಿಂಗಳಲ್ಲಿ ಹರಡಿದ ‘ವಾನಾಕ್ರೈ’ ದಾಳಿ ತೋರಿಸಿಕೊಟ್ಟಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಕಂಪ್ಯೂಟರುಗಳ ಕಡತಗಳಿಗೆ ದಾಳಿಕೋರರು ಬೀಗ ಹಾಕಿ, ಬಿಡುಗಡೆಗೆ ಹಣ ಕೇಳಿದರು. ‘ಆ್ಯಂಟಿವೈರಸ್ ಇದೆ, ಸಾಕು’ ಎಂಬ ಭಾವನೆ ಸರಿಯಲ್ಲ. ಬಾಗಿಲಿಗೆ ಕಾವಲುಗಾರನಿದ್ದರೂ ಗೋಡೆಯ ಬಿರುಕು ಮುಚ್ಚದೆ ಬಿಡಲಾಗದು.

ವಿಂಡೋಸ್ 11 ಅಳವಡಿಸಲು ಮೈಕ್ರೋಸಾಫ್ಟ್ ನಿಗದಿಪಡಿಸಿದ ಮುಖ್ಯ ಅರ್ಹತೆಗಳು ಇಂತಿವೆ: ಅನುಮೋದಿತ ಪಟ್ಟಿಯಲ್ಲಿರುವ 64-ಬಿಟ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ ಸೌಲಭ್ಯ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ. ಸ್ಥೂಲವಾಗಿ ಹೇಳುವುದಾದರೆ, ಇಂಟೆಲ್ ಕೋರ್ ಪ್ರೊಸೆಸರುಗಳಲ್ಲಿ 8ನೇ ಪೀಳಿಗೆ ಹಾಗೂ ನಂತರದವು, ಎಎಂಡಿ ರೈಜೆನ್ ಪೈಕಿ 2000 ಶ್ರೇಣಿ ಹಾಗೂ ನಂತರದ ಬಹುತೇಕ ಮಾದರಿಗಳು ಅರ್ಹವಾಗಿವೆ. ಇಂಟೆಲ್ ಪೀಳಿಗೆಯನ್ನು ಪ್ರೊಸೆಸರ್ ಹೆಸರಿನಿಂದಲೇ ಗುರುತಿಸಬಹುದು. ಐ5-8400 ಎಂದಿದ್ದರೆ 8ನೇ ಪೀಳಿಗೆ; ಐ5-7400 ಎಂದಿದ್ದರೆ 7ನೆಯದು; ಐ5-10400 ಎಂದಿದ್ದರೆ 10ನೆಯದು. ಸಂದೇಹವಿದ್ದಲ್ಲಿ ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಟಿಪಿಎಂ ಇಲ್ಲ’ ಎಂಬ ಸಂದೇಶ ಬಂದ ಮಾತ್ರಕ್ಕೆ ಯಂತ್ರ ಅನರ್ಹವೆಂದು ಭಾವಿಸಬಾರದು. 8ನೇ ಪೀಳಿಗೆಯ ಅನೇಕ ಯಂತ್ರಗಳಲ್ಲಿ ಈ ಸೌಲಭ್ಯವಿದ್ದರೂ ಬಯೋಸ್ ವ್ಯವಸ್ಥೆಯಲ್ಲಿ ಅದು ಚಾಲೂ ಆಗಿರುವುದಿಲ್ಲ. ಇಂಟೆಲ್ ಯಂತ್ರಗಳಲ್ಲಿ ‘ಪಿಟಿಟಿ’, ಎಎಂಡಿ ಯಂತ್ರಗಳಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿ ಅದನ್ನು ಹುಡುಕಿ ಚಾಲೂ ಮಾಡಬಹುದು. ಯಾವ ಖರ್ಚೂ ಇಲ್ಲದ ಈ ಬದಲಾವಣೆಯನ್ನು ಮಾಡದೆ ಇಡೀ ಯಂತ್ರವನ್ನೇ ಮಾರುವುದು ವೃಥಾ ನಷ್ಟ.

ಅನರ್ಹ ಯಂತ್ರಕ್ಕೂ ವಿಂಡೋಸ್ 11 ಹಾಕಿಕೊಡುವುದಾಗಿ ಹೇಳುವವರು ಮಾರುಕಟ್ಟೆಯಲ್ಲಿದ್ದಾರೆ. ತಾಂತ್ರಿಕವಾಗಿ ಅದು ಸಾಧ್ಯ. ಆದರೆ ಅಂತಹ ಯಂತ್ರಕ್ಕೆ ಪರಿಷ್ಕರಣೆ ದೊರೆಯುವ ಖಾತರಿಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಲೆಕ್ಕಪತ್ರ ಇರಿಸುವ ಯಂತ್ರಕ್ಕೆ ಈ ಮಾರ್ಗ ಸೂಕ್ತವಲ್ಲ.

ವಿಂಡೋಸ್ 10ರಲ್ಲಿಯೇ ಮುಂದುವರಿಯಲು ಬಯಸುವವರಿಗೆ ವಿಸ್ತರಿತ ಭದ್ರತಾ ಪರಿಷ್ಕರಣೆಯ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ವೈಯಕ್ತಿಕ ಬಳಕೆದಾರರಿಗೆ 2025ರಲ್ಲಿ ಪ್ರಕಟವಾದ ಅವಧಿ 2026ರ ಅಕ್ಟೋಬರ್ 13ರವರೆಗಿನದು. ಸಂಸ್ಥೆಗಳಿಗಾಗಿ ಪ್ರಕಟಿಸಿದ ಯೋಜನೆಯಲ್ಲಿ ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ನಂತರದ ಪ್ರತಿ ವರ್ಷ ಅದರ ಹಿಂದಿನ ವರ್ಷದ ಎರಡರಷ್ಟು, ಗರಿಷ್ಠ ಮೂರು ವರ್ಷ ಎಂದು ನಿಗದಿಯಾಯಿತು. ಮೂರೂ ವರ್ಷಗಳ ಮೊತ್ತ 427 ಡಾಲರ್ ಆಗುತ್ತದೆ. ತಡವಾಗಿ ಸೇರುವವರು ಹಿಂದಿನ ವರ್ಷದ ಶುಲ್ಕವನ್ನೂ ತೆರಬೇಕು. ಆದ್ದರಿಂದ ಇದನ್ನು ಬದಲಾವಣೆಗೆ ಸಿದ್ಧವಾಗಲು ದೊರೆತ ಕಾಲಾವಕಾಶವೆಂದು ಮಾತ್ರ ಪರಿಗಣಿಸಬೇಕು.

ಲಿನಕ್ಸ್ ಆಧಾರಿತ ಉಬುಂಟು, ಮಿಂಟ್ ಮೊದಲಾದ ವ್ಯವಸ್ಥೆಗಳು ಉಚಿತವಾಗಿದ್ದು, ಹಳೆಯ ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತವೆ. ಇ-ಮೇಲ್, ಜಾಲತಾಣ ವೀಕ್ಷಣೆ, ಪತ್ರ ಬರಹ, ಮಕ್ಕಳ ಪಾಠಕ್ಕೆ ಇವು ಸಾಕು. ಆದರೆ ಲೆಕ್ಕಪತ್ರದ ತಂತ್ರಾಂಶ ವಿಂಡೋಸಿಗಾಗಿಯೇ ತಯಾರಾಗಿದ್ದರೆ, ಡಿಜಿಟಲ್ ಸಹಿಯ ಟೋಕನ್ ಬಳಸಬೇಕಿದ್ದರೆ, ಬದಲಿಸುವ ಮುನ್ನ ಪರೀಕ್ಷೆ ಮಾಡಿ ನೋಡುವುದು ಅಗತ್ಯ.

ಯಾವ ಭಾಗಕ್ಕೆ ಹಣ ಹಾಕಬಹುದು?

ಮೇಲ್ದರ್ಜೆಗೇರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಯಂತ್ರ ಹೋದ ಮೇಲೆ ಈ ಭಾಗ ಮುಂದಿನ ಯಂತ್ರಕ್ಕೆ ಉಪಯೋಗವಾಗುತ್ತದೆಯೇ? ಸಾಟಾ ಎಸ್‌ಎಸ್‌ಡಿಯನ್ನು ಬಿಚ್ಚಿ ಬೇರೆ ಯಂತ್ರದಲ್ಲಿ ಬಳಸಬಹುದು. ಕಡೆಗೆ ಪ್ರತಿ ತೆಗೆದಿಡುವ ಸಾಧನವಾಗಿಯಾದರೂ ಉಪಯೋಗಕ್ಕೆ ಬರುತ್ತದೆ. ಮಾನಿಟರ್, ಕೀಲಿಮಣೆ, ಯುಪಿಎಸ್ ಸಹ ಹೀಗೆಯೇ. ಆದರೆ ರ್‍ಯಾಮ್ ವಿಷಯ ಬೇರೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಪೀಳಿಗೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಡಿಡಿಆರ್3 ಯಂತ್ರಕ್ಕೆ ಹಾಕಿದ ರ್‍ಯಾಮ್ ಆ ಯಂತ್ರದೊಂದಿಗೇ ಕೊನೆಗಾಣುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದ್ದರಿಂದ ಹಿಂದಿನ ವರ್ಷದ ದರವನ್ನು ನಂಬದೆ, ಖರೀದಿಯ ದಿನದ ಲಿಖಿತ ದರಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಮದರ್‌ಬೋರ್ಡ್ ಬದಲಿಸುವ ಸಲಹೆ ಬಂದಾಗ ವಿಶೇಷ ಎಚ್ಚರ ಬೇಕು. ಹೊಸ ಮದರ್‌ಬೋರ್ಡಿಗೆ ಹಳೆಯ ಪ್ರೊಸೆಸರ್ ಮತ್ತು ರ್‍ಯಾಮ್ ಸಾಮಾನ್ಯವಾಗಿ ಹೊಂದುವುದಿಲ್ಲ, ಮೂರನ್ನೂ ಕೊಳ್ಳಬೇಕಾಗುತ್ತದೆ. ಯಂತ್ರದೊಂದಿಗೆ ಬಂದ ವಿಂಡೋಸ್ ಪರವಾನಗಿ ಆ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಹೊಸ ಪರವಾನಗಿಯೂ ಬೇಕಾಗಬಹುದು. ಹಳೆಯ ಎಸ್‌ಎಂಪಿಎಸ್ ಹೊಸ ಭಾಗಗಳಿಗೆ ಹೊಂದದೆ ಹೋಗಬಹುದು. ಕೊನೆಗೆ ಉಳಿಯುವುದು ಹಳೆಯ ಪೆಟ್ಟಿಗೆ ಮಾತ್ರ. ಲ್ಯಾಪ್‌ಟಾಪುಗಳಲ್ಲಿ ಕೆಲವು ಮಾದರಿಗಳ ರ್‍ಯಾಮ್ ಮದರ್‌ಬೋರ್ಡಿಗೆ ಬೆಸೆದಿರುವುದರಿಂದ ಅದನ್ನು ಹೆಚ್ಚಿಸುವುದೇ ಸಾಧ್ಯವಿಲ್ಲ.

ಎರಡು ಯಂತ್ರಗಳ ಲೆಕ್ಕ

ಒಂದೇ ಬಗೆಯ ದೂರಿಗೆ ಬೇರೆ ಬೇರೆ ಉತ್ತರ ಹೇಗೆ ಬರುತ್ತದೆ ಎಂಬುದನ್ನು ಎರಡು ಉದಾಹರಣೆಗಳಿಂದ ನೋಡಬಹುದು. ಇಲ್ಲಿ ನೀಡಿದ ಬೆಲೆಗಳು ಲೆಕ್ಕದ ಸಲುವಾಗಿ ಊಹಿಸಿದವು. ವರ್ತಕರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಮೊದಲನೆಯ ಯಂತ್ರ 2019ರಲ್ಲಿ ಕೊಂಡದ್ದು. 8ನೇ ಪೀಳಿಗೆಯ ಪ್ರೊಸೆಸರ್, 4 ಜಿಬಿ ಡಿಡಿಆರ್4 ರ್‍ಯಾಮ್, ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಇದೆ. ನಿಧಾನಗತಿಯಿಂದ ದಿನಕ್ಕೆ 20 ನಿಮಿಷ ವ್ಯರ್ಥವಾದರೆ, ವರ್ಷದ 300 ಕೆಲಸದ ದಿನಗಳಲ್ಲಿ 100 ಗಂಟೆ ಹೋಗುತ್ತದೆ. ಗಂಟೆಗೆ 75 ರೂಪಾಯಿ ವೇತನ ಹಿಡಿದರೂ ನಷ್ಟ 7,500 ರೂಪಾಯಿ. ಎಸ್‌ಎಸ್‌ಡಿ, ಹೆಚ್ಚುವರಿ ರ್‍ಯಾಮ್ ಮತ್ತು ಕೂಲಿ ಸೇರಿ 8,000 ರೂಪಾಯಿ ಖರ್ಚು ಮಾಡಿ ಯಂತ್ರ ಇನ್ನು ಮೂರು ವರ್ಷ ನಡೆದರೆ ವರ್ಷಕ್ಕೆ ಬೀಳುವ ವೆಚ್ಚ ಸುಮಾರು 2,667 ರೂಪಾಯಿ. ವ್ಯರ್ಥ ಕಾಲದ ಮುಕ್ಕಾಲು ಭಾಗ ಉಳಿದರೂ ವಾರ್ಷಿಕ ಉಳಿತಾಯ 5,625 ರೂಪಾಯಿ. ಇದಕ್ಕೆ ಬದಲಾಗಿ 45,000 ರೂಪಾಯಿಯ ಹೊಸ ಯಂತ್ರ ಆರು ವರ್ಷ ಬಾಳಿದರೆ ವರ್ಷಕ್ಕೆ 7,500 ರೂಪಾಯಿ ಬೀಳುತ್ತದೆ. ಪೂರ್ಣ ಕಾಲ ಉಳಿದರೂ ವೆಚ್ಚ ಮತ್ತು ಉಳಿತಾಯ ಸಮವಾಗುತ್ತವೆ ಅಷ್ಟೆ. ಇಲ್ಲಿ ಮೇಲ್ದರ್ಜೆಗೇರಿಸುವುದೇ ಲಾಭಕರ.

ಎರಡನೆಯ ಯಂತ್ರ 2014ರಲ್ಲಿ ಕೊಂಡದ್ದು. 4ನೇ ಪೀಳಿಗೆಯ ಪ್ರೊಸೆಸರ್, ಡಿಡಿಆರ್3 ರ್‍ಯಾಮ್. 5,000 ರೂಪಾಯಿ ಹಾಕಿದರೆ ಇದೂ ಚುರುಕಾಗುತ್ತದೆ. ಆದರೆ ವಿಂಡೋಸ್ 11ಕ್ಕೆ ಅರ್ಹವಲ್ಲದ ಕಾರಣ, ಇದನ್ನು ಲೆಕ್ಕಪತ್ರಕ್ಕೆ ಸುರಕ್ಷಿತವಾಗಿ ಬಳಸಲು ವಿಸ್ತರಿತ ಪರಿಷ್ಕರಣೆಯ ಶುಲ್ಕವನ್ನೂ ಸೇರಿಸಬೇಕು. ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರಕ್ಕೆ 22,000, ಹೊಸ ಪರವಾನಗಿಗೆ 10,000, ಎಸ್‌ಎಸ್‌ಡಿಗೆ 4,000 ಎಂದು ಲೆಕ್ಕ ಹಾಕಿದರೆ ಮೊತ್ತ 36,000ಕ್ಕೆ ಏರುತ್ತದೆ. ಆಗಲೂ ಇಡೀ ಯಂತ್ರಕ್ಕೆ ಒಂದೇ ಖಾತರಿ ಇರುವುದಿಲ್ಲ. ಇಂತಹ ಯಂತ್ರವನ್ನು ಬದಲಾಯಿಸುವುದೇ ಸರಿ.

ಇದರಿಂದ ಒಂದು ಸರಳ ಮಿತಿಯನ್ನು ಹಾಕಿಕೊಳ್ಳಬಹುದು. ಮೇಲ್ದರ್ಜೆಗೇರಿಸಿದ ಯಂತ್ರ ಹೊಸದರ ಅರ್ಧದಷ್ಟು ಕಾಲ ಬಾಳುವುದಾದರೆ ಅದಕ್ಕೆ ಹೊಸದರ ಅರ್ಧ ಬೆಲೆಯವರೆಗೆ ಖರ್ಚು ಮಾಡಬಹುದೆಂದು ಲೆಕ್ಕ ಹೇಳುತ್ತದೆ. ಆದರೆ ಉಳಿದ ಹಳೆಯ ಭಾಗಗಳು ನಡುವೆ ಕೆಡುವ ಸಂಭವವಿರುವುದರಿಂದ ಮೂರನೇ ಒಂದು ಭಾಗ ದಾಟದಿರುವುದು ಕ್ಷೇಮ.

ತೆರಿಗೆಯ ದೃಷ್ಟಿಯಿಂದ

ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ ಶೇಕಡ 18. ವ್ಯವಹಾರಕ್ಕೆ ಬಳಸುವ ಯಂತ್ರದ ಮೇಲೆ ಪಾವತಿಸಿದ ತೆರಿಗೆಯನ್ನು ನೋಂದಾಯಿತ ವರ್ತಕರು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ಇದಕ್ಕೆ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಮನೆ ಮತ್ತು ವ್ಯವಹಾರ ಎರಡಕ್ಕೂ ಬಳಸುವ ಯಂತ್ರವಾದರೆ ವ್ಯವಹಾರದ ಪಾಲಿಗೆ ಮಾತ್ರ ಇದು ಅನ್ವಯವಾಗುತ್ತದೆ. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ತೋರಿಸಿದರೆ ಆ ತೆರಿಗೆಯನ್ನು ಹಿಂಪಡೆಯುವಂತಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ನಿಯಮಗಳಲ್ಲಿ ಕಂಪ್ಯೂಟರಿಗೆ ಶೇಕಡ 40ರ ಸವಕಳಿ ನಿಗದಿಯಾಗಿತ್ತು. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ ಅದರ ಅರ್ಧ. 40,000 ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷದ ಸವಕಳಿ 16,000 ಅಥವಾ 8,000 ಎಂಬ ವ್ಯತ್ಯಾಸ ಇದರಿಂದ ಉಂಟಾಗುತ್ತಿತ್ತು. ಅದೇ ಕಾಯ್ದೆಯಡಿ, ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಪಾವತಿಸಿದ ಮೊತ್ತವನ್ನು ಆಸ್ತಿಯ ವೆಚ್ಚದಲ್ಲಿ ಸೇರಿಸುವಂತಿರಲಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ, ಆ ನಂತರದ ಖರೀದಿಗಳ ಬಗ್ಗೆ ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು. ಕೆಟ್ಟ ಭಾಗ ಬದಲಿಸಿದ ವೆಚ್ಚವನ್ನು ದುರಸ್ತಿ ಖಾತೆಗೆ ಹಾಕುವುದು ರೂಢಿ. ಸಾಮರ್ಥ್ಯ ಹೆಚ್ಚಿಸಿದ ವೆಚ್ಚವನ್ನು ಆಸ್ತಿಗೆ ಸೇರಿಸಬೇಕೇ ಎಂಬುದನ್ನೂ ಅವರಲ್ಲಿಯೇ ಕೇಳುವುದು ಒಳಿತು.

ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ವಿನಿಮಯದಲ್ಲಿ ಒಂದು ಸೂಕ್ಷ್ಮವಿದೆ. ಜಿಎಸ್‌ಟಿ ನಿಯಮ 27ರ ಪ್ರಕಾರ, ವಿನಿಮಯವಿಲ್ಲದೆ ಮಾರಾಟವಾಗುವ ಪೂರ್ಣ ಬೆಲೆಯ ಮೇಲೆ ತೆರಿಗೆ ಲೆಕ್ಕವಾಗುತ್ತದೆಯೇ ಹೊರತು ಕೈಯಿಂದ ಕೊಟ್ಟ ವ್ಯತ್ಯಾಸದ ಮೊತ್ತದ ಮೇಲಲ್ಲ. ಹೂಡುವಳಿ ತೆರಿಗೆ ಪಡೆದಿದ್ದ ಹಳೆಯ ಯಂತ್ರವನ್ನು ಮಾರುವಾಗಲೂ ತೆರಿಗೆ ಹೊಣೆ ಬರುತ್ತದೆ. ಖರೀದಿಸಿ ಐದು ವರ್ಷ ದಾಟಿದ್ದರೆ ಹಿಂದಿರುಗಿಸಬೇಕಾದ ಹೂಡುವಳಿ ತೆರಿಗೆ ಉಳಿದಿರುವುದಿಲ್ಲ. ಮಾರಾಟದ ಮೌಲ್ಯದ ಮೇಲಿನ ತೆರಿಗೆಯನ್ನು ಮಾತ್ರ ಕಟ್ಟಬೇಕು.

ಹಳೆಯ ಪ್ರೋಗ್ರಾಂ, ಪ್ರಿಂಟರ್ ಮತ್ತು ಕಾರ್ಖಾನೆಯ ಯಂತ್ರಗಳು

ಬದಲಾವಣೆಯಲ್ಲಿ ಅನಿರೀಕ್ಷಿತ ಖರ್ಚು ಬರುವುದು ಕಂಪ್ಯೂಟರಿನಿಂದಲ್ಲ, ಅದಕ್ಕೆ ಜೋಡಿಸಿದ ವಸ್ತುಗಳಿಂದ. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಬರೆಸಿದ ಬಿಲ್ಲಿಂಗ್ ಪ್ರೋಗ್ರಾಂ ಇಂದಿಗೂ ಕೆಲವು ಮಂಡಿಗಳಲ್ಲಿ ನಡೆಯುತ್ತಿದೆ. 16-ಬಿಟ್ ಪ್ರೋಗ್ರಾಂಗಳು 64-ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸ್ 11 ಇರುವುದು 64-ಬಿಟ್ ರೂಪದಲ್ಲಿ ಮಾತ್ರ. ಹೊಸ ಯಂತ್ರ ಬಂದ ದಿನವೇ ಬಿಲ್ಲು ನಿಲ್ಲದಿರಬೇಕಾದರೆ, ದತ್ತಾಂಶವನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವ ಕೆಲಸ ಮೊದಲೇ ಮುಗಿದಿರಬೇಕು.

ಸಮಾಂತರ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಸೀರಿಯಲ್ ಪೋರ್ಟಿನ ತೂಕದ ಯಂತ್ರ ಇರುವವರು ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟುಗಳಿವೆಯೇ ಎಂದು ಕೇಳಬೇಕು. ಯುಎಸ್‌ಬಿ ಪರಿವರ್ತಕಗಳು ಸಿಗುತ್ತವಾದರೂ ಎಲ್ಲ ಸಾಧನಗಳಿಗೂ ಅವು ಹೊಂದುವುದಿಲ್ಲ. ಹಣ ಕೊಡುವ ಮುನ್ನ ಜೋಡಿಸಿ ನೋಡಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಸಿದ್ಧಪಡಿಸಿದ ಕನ್ನಡ ಪತ್ರಗಳು, ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಫಾಂಟುಗಳನ್ನೂ ಉಳಿಸಿಟ್ಟುಕೊಳ್ಳಬೇಕು, ಸಾಧ್ಯವಾದಷ್ಟು ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

ಕಾರ್ಖಾನೆಯಲ್ಲಿ ಸಿಎನ್‌ಸಿ ಅಥವಾ ಪರೀಕ್ಷಾ ಯಂತ್ರವನ್ನು ನಡೆಸುತ್ತಿರುವ ಹಳೆಯ ಕಂಪ್ಯೂಟರ್ ಇದ್ದರೆ ಅದರ ವಿಷಯವೇ ಬೇರೆ. ಅದರ ನಿಯಂತ್ರಣ ಕಾರ್ಡ್ ಹೊಸ ಮದರ್‌ಬೋರ್ಡಿಗೆ ಹೊಂದದಿರಬಹುದು. ಅಂತಹ ಕಂಪ್ಯೂಟರನ್ನು ಬದಲಾಯಿಸುವ ಬದಲು ಅಂತರ್ಜಾಲದಿಂದ ಸಂಪೂರ್ಣ ಬೇರ್ಪಡಿಸಿ, ಡಿಸ್ಕಿನ ಯಥಾವತ್ ಪ್ರತಿಯನ್ನು ತೆಗೆದಿಟ್ಟು, ಅದೇ ಮಾದರಿಯ ಮದರ್‌ಬೋರ್ಡ್ ಒಂದನ್ನು ಬದಲಿಯಾಗಿ ಸಂಗ್ರಹಿಸಿಟ್ಟುಕೊಳ್ಳುವುದು ವಿವೇಕ. ಪೆನ್‌ಡ್ರೈವ್ ಮೂಲಕವೂ ವೈರಸ್ ಬರಬಲ್ಲದಾದ್ದರಿಂದ ಅದಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಬೇಕು.

ಮರುಸಜ್ಜುಗೊಳಿಸಿದ ಯಂತ್ರಗಳು

ದುರಸ್ತಿ ಮತ್ತು ಹೊಸ ಖರೀದಿಯ ನಡುವೆ ಮೂರನೆಯ ಮಾರ್ಗವೊಂದಿದೆ. ದೊಡ್ಡ ಸಂಸ್ಥೆಗಳು ಕೆಲವು ವರ್ಷ ಬಳಸಿ ಹೊರಹಾಕಿದ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ದೊರೆಯುತ್ತವೆ. 8ನೇ ಅಥವಾ ನಂತರದ ಪೀಳಿಗೆಯ ಯಂತ್ರ ಸಿಕ್ಕರೆ ಸಣ್ಣ ಮಳಿಗೆಗೆ ಅದು ಉತ್ತಮ ಆಯ್ಕೆ. ಆದರೆ ಅನರ್ಹ ಪೀಳಿಗೆಯ ಯಂತ್ರಗಳೂ ಅಗ್ಗದ ಬೆಲೆಗೆ ಅದೇ ಸಾಲಿನಲ್ಲಿರುತ್ತವೆ. ‘ಐ5’, ‘ಐ7’ ಎಂಬ ಹೆಸರಿಗೆ ಮರುಳಾಗದೆ ಪೀಳಿಗೆಯ ಸಂಖ್ಯೆ ನೋಡಬೇಕು. ಜಿಎಸ್‌ಟಿ ಬಿಲ್, ಲಿಖಿತ ಖಾತರಿ, ಅಸಲಿ ವಿಂಡೋಸ್ ಪರವಾನಗಿ ಮೂರನ್ನೂ ಕೇಳಿ ಪಡೆಯಬೇಕು. ಡಿಸ್ಕ್ ಹಳೆಯದಾಗಿದ್ದರೆ ಹೊಸ ಎಸ್‌ಎಸ್‌ಡಿ ಹಾಕಿಸಿಕೊಳ್ಳುವುದು ಕ್ಷೇಮ.

ಹಳೆಯ ಯಂತ್ರದ ವಿಲೇವಾರಿ

ಹೊಸ ಯಂತ್ರ ಬಂದ ಕೂಡಲೇ ಹಳೆಯದನ್ನು ಕೊಟ್ಟುಬಿಡಬಾರದು. ಕನಿಷ್ಠ ಒಂದು ಜಿಎಸ್‌ಟಿ ವಿವರಪಟ್ಟಿಯ ಅವಧಿಯಾದರೂ ಎರಡನ್ನೂ ಇಟ್ಟುಕೊಂಡು, ಎಲ್ಲ ಲೆಕ್ಕ, ಪಾಸ್‌ವರ್ಡ್, ಇ-ಮೇಲ್, ಡಿಜಿಟಲ್ ಸಹಿ ಹೊಸದರಲ್ಲಿ ನಡೆಯುತ್ತವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆ ಬಳಿಕ ಹಳೆಯ ಡಿಸ್ಕನ್ನು ಹೊರತೆಗೆದು ಭದ್ರವಾಗಿ ಇಟ್ಟುಕೊಳ್ಳಬೇಕು, ಇಲ್ಲವೇ ವಿಶೇಷ ತಂತ್ರಾಂಶದಿಂದ ಪೂರ್ಣವಾಗಿ ಅಳಿಸಬೇಕು. ಕಡತವನ್ನು ಡಿಲೀಟ್ ಮಾಡಿದರೆ ಅಥವಾ ತ್ವರಿತವಾಗಿ ಫಾರ್ಮ್ಯಾಟ್ ಮಾಡಿದರೆ ಮಾಹಿತಿ ನಿಜವಾಗಿ ಅಳಿಯುವುದಿಲ್ಲ. ಗ್ರಾಹಕರ ವಿವರ, ಬ್ಯಾಂಕ್ ದಾಖಲೆ ಮರಳಿ ಪಡೆಯಲು ಸಾಧ್ಯ. ಉಳಿದ ಯಂತ್ರವನ್ನು ಸಾಮಾನ್ಯ ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಡಿ ನೋಂದಾಯಿತರಾದ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆಯಬೇಕು.

ನಿರ್ಧಾರದ ಕ್ರಮ

ಒಟ್ಟಾರೆ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ದತ್ತಾಂಶದ ಎರಡು ಪ್ರತಿ ತೆಗೆದು ಪರೀಕ್ಷಿಸುವುದು.
2. ನಿಧಾನಗತಿಯ ಕಾರಣ ಡಿಸ್ಕೋ, ರ್‍ಯಾಮೋ, ಶಾಖವೋ, ಪ್ರೊಸೆಸರೋ ಎಂದು ತಿಳಿಯುವುದು.
3. ಪ್ರೊಸೆಸರಿನ ಪೀಳಿಗೆ ಮತ್ತು ವಿಂಡೋಸ್ 11ರ ಅರ್ಹತೆ ನೋಡುವುದು.
4. ಅರ್ಹವಾಗಿದ್ದು, ಖರ್ಚು ಹೊಸದರ ಮೂರನೇ ಒಂದು ಭಾಗದೊಳಗಿದ್ದರೆ ಮೇಲ್ದರ್ಜೆಗೇರಿಸುವುದು.
5. ಅರ್ಹವಲ್ಲದಿದ್ದರೆ ಲೆಕ್ಕಪತ್ರಕ್ಕೆ ಬೇರೆ ಯಂತ್ರ ಕೊಳ್ಳುವುದು. ಹಳೆಯದನ್ನು ಲಿನಕ್ಸ್ ಹಾಕಿ ಮನೆಯ ಇತರ ಕೆಲಸಕ್ಕೆ ಬಳಸುವುದು.
6. ಖರೀದಿಗೆ ಮುನ್ನ ಹಳೆಯ ಪ್ರೋಗ್ರಾಂ, ಪ್ರಿಂಟರ್, ಟೋಕನ್ ಹೊಸದರಲ್ಲಿ ನಡೆಯುವುದನ್ನು ಖಚಿತಪಡಿಸಿಕೊಳ್ಳುವುದು.

ತೆರಿಗೆ ವಿವರಪಟ್ಟಿಯ ಕೊನೆಯ ದಿನದ ಹಿಂದಿನ ಸಂಜೆ ಯಂತ್ರ ನಿಂತುಹೋದರೆ, ವರ್ತಕರು ಕೇಳಿದ ಬೆಲೆಗೆ ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಬಿಡುವಿನ ಒಂದು ದಿನ ಈ ಪರಿಶೀಲನೆ ಮುಗಿಸಿದರೆ, ಮೇಲ್ದರ್ಜೆಗೇರಿಸಿದರೂ ಬದಲಾಯಿಸಿದರೂ ಖರ್ಚು ವರ್ತಕರ ಹತೋಟಿಯಲ್ಲಿಯೇ ಇರುತ್ತದೆ.